ಡಿಸ್ಕನ್ನೂ ಅಂತರ್ಜಾಲದ ಸಿನಿಮಾವನ್ನೂ ತೋರಿಸುವ ಪ್ಲೇಯರ್ ಕೆಟ್ಟಾಗ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬ್ಲೂ-ರೇ ಡಿಸ್ಕ್ ಓದುವುದರ ಜೊತೆಗೆ ಅಂತರ್ಜಾಲದಿಂದ ಸಿನಿಮಾವನ್ನು ನೇರವಾಗಿ ಟಿವಿಗೆ ತರಿಸಿಕೊಡುವ ಪ್ಲೇಯರ್‌ಗಳು 2008ರಿಂದಲೂ ಮಾರುಕಟ್ಟೆಯಲ್ಲಿವೆ. ಪಟ್ಟಣದಿಂದ ದೂರವಿರುವ ಕೊಡಗಿನ ತೋಟದ ಮನೆಗಳಿಗೆ ಇಂಥ ಪೆಟ್ಟಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಲೈನ್ ಇದ್ದ ದಿನ ಒಟಿಟಿ ನೋಡಬಹುದು, ಕೊಂಬೆ ಬಿದ್ದು ಲೈನ್ ಕಡಿದ ದಿನ ಡಿಸ್ಕ್ ಹಾಕಿಕೊಳ್ಳಬಹುದು. ಆದರೆ ಅದು ಕೆಟ್ಟಾಗ ಮನೆಯವರು ಸಾಮಾನ್ಯವಾಗಿ ಇಡೀ ಪೆಟ್ಟಿಗೆಯೇ ಹೋಯಿತೆಂದು ಭಾವಿಸಿ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಹಾಗೆ ಮಾಡುವ ಮೊದಲು ಈ ಬರಹವನ್ನು ಒಮ್ಮೆ ಓದಬೇಕೆಂದು ನನ್ನ ಕೋರಿಕೆ. ಈ ಯಂತ್ರ ಒಂದೇ ಸೂರಿನಡಿ ಇರುವ ಎರಡು ಸಂಸಾರಗಳಿದ್ದಂತೆ: ಡಿಸ್ಕ್ ಓದುವ ಭಾಗಕ್ಕೂ ಅಂತರ್ಜಾಲದ ಭಾಗಕ್ಕೂ ವಿದ್ಯುತ್ತು, ಮುಖ್ಯ ಬೋರ್ಡು ಮತ್ತು ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ಲು ಮಾತ್ರ ಸಮಾನ, ಉಳಿದಂತೆ ಒಂದು ಕೆಟ್ಟರೂ ಇನ್ನೊಂದು ಎಷ್ಟೋ ವರ್ಷ ಚೆನ್ನಾಗಿಯೇ ಇರಬಹುದು.

ದೋಷ ಯಾವ ಕಡೆಯದು?

ಯಾವ ರಿಪೇರಿಗೂ ಕೈಹಾಕುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಬೇಕು. ಬೇರೆ ಕಡೆ ಸರಿಯಾಗಿ ಓಡುವುದೆಂದು ಖಚಿತವಾಗಿ ಗೊತ್ತಿರುವ ಒಂದು ಡಿಸ್ಕನ್ನು ಹಾಕಿ ನೋಡಬೇಕು. ಪೆನ್ ಡ್ರೈವಿನಲ್ಲಿ ಒಂದು ಸಣ್ಣ ವಿಡಿಯೋ ಹಾಕಿ ಯುಎಸ್‌ಬಿ ಕಿಂಡಿಯ ಮೂಲಕ ಓಡಿಸಿ ನೋಡಬೇಕು. ಕೊನೆಗೆ ಯಾವುದಾದರೊಂದು ಆ್ಯಪ್ ತೆರೆದು ನೋಡಬೇಕು. ಪೆನ್ ಡ್ರೈವಿನ ಚಿತ್ರ ಸರಿಯಾಗಿ ಬಂದರೆ ವಿದ್ಯುತ್ತು, ಬೋರ್ಡು, ಕೇಬಲ್ಲು, ಟಿವಿ ಇವೆಲ್ಲ ಸರಿಯಿವೆ ಎಂದೇ ಅರ್ಥ. ಆಗ ಉಳಿದ ಎರಡರಲ್ಲಿ ಯಾವುದು ಸೋಲುತ್ತದೆಯೋ ದೋಷ ಅಲ್ಲಿದೆ. ಮೂರರಲ್ಲೂ ಚಿತ್ರ ಬರದಿದ್ದರೆ ಡಿಸ್ಕನ್ನಾಗಲಿ ವೈ-ಫೈಯನ್ನಾಗಲಿ ದೂರಿ ಪ್ರಯೋಜನವಿಲ್ಲ, ವಿದ್ಯುತ್ತು ಮತ್ತು ಎಚ್‌ಡಿಎಂಐ ಕಡೆಯಿಂದ ಹುಡುಕಬೇಕು. ಪೆನ್ ಡ್ರೈವಿನ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆದರೆ ಅನುಮಾನದ ವ್ಯಾಪ್ತಿಯನ್ನು ಒಂದೇ ಸಲಕ್ಕೆ ಅರ್ಧಕ್ಕಿಳಿಸುವುದು ಅದೇ.

ಡಿಸ್ಕಿನ ಕಡೆಯೇ ದೋಷವೆಂದು ಗೊತ್ತಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬ್ಲೂ-ರೇ ಓದಲು 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಲೇಸರ್, ಡಿವಿಡಿಗೆ 650 ನ್ಯಾನೊಮೀಟರ್‌ನ ಕೆಂಪು ಲೇಸರ್, ಸಿಡಿಗೆ 780 ನ್ಯಾನೊಮೀಟರ್‌ನ ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಬೇಕು. ಡಿವಿಡಿ ಸರಾಗವಾಗಿ ಓಡುತ್ತಿದ್ದು, ಬ್ಲೂ-ರೇ ಡಿಸ್ಕ್‌ಗಳು ಮಾತ್ರ ಒಂದೂ ಓಡದಿದ್ದರೆ ನೇರಳೆ ಲೇಸರ್ ಸೊರಗಿರುವ ಸಾಧ್ಯತೆ ಹೆಚ್ಚು. ಎಲ್ಲ ಬಗೆಯ ಡಿಸ್ಕ್‌ಗಳೂ ತಡವರಿಸುತ್ತಿದ್ದರೆ ಲೆನ್ಸಿನ ಮೇಲಿನ ತೇವ, ಧೂಳು ಅಥವಾ ತಿರುಗಿಸುವ ಮೋಟಾರನ್ನು ಶಂಕಿಸಬೇಕು. ಒಂದೇ ಒಂದು ಡಿಸ್ಕ್ ಮಾತ್ರ ಓಡದಿದ್ದರೆ ಪ್ಲೇಯರಿನ ತಪ್ಪು ಬಹುಶಃ ಏನೂ ಇರುವುದಿಲ್ಲ.

ತೇವ, ಬೂಷ್ಟು ಮತ್ತು ಲೆನ್ಸು

ನಮ್ಮ ಜಿಲ್ಲೆಯಲ್ಲಿ ಡಿಸ್ಕ್ ಭಾಗದ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳ ಬಿಡದ ಮಳೆಯಲ್ಲಿ, ಬಟ್ಟೆ, ಪುಸ್ತಕ, ಚರ್ಮದ ಚಪ್ಪಲಿಗಳ ಮೇಲೆ ಹಿಡಿಯುವ ಬೂಷ್ಟು ಗಾಜಿನ ಲೆನ್ಸನ್ನೂ ಡಿಸ್ಕಿನ ಮೇಲ್ಮೈಯನ್ನೂ ಬಿಡುವುದಿಲ್ಲ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ಮನೆಗಳಲ್ಲಿ ಈ ತೊಂದರೆ ಕುಶಾಲನಗರದ ಒಣ ಹವೆಯ ಮನೆಗಳಿಗಿಂತ ಸಹಜವಾಗಿಯೇ ಹೆಚ್ಚು. ಹಾಗಾಗಿ ಮಳೆಗಾಲದಲ್ಲಿ ಡಿಸ್ಕ್ ಓಡದಿದ್ದಾಗ ಲೇಸರ್ ಸತ್ತಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ.

ತೇವದಲ್ಲಿ ಎರಡು ಬಗೆಯ ತೊಂದರೆಗಳಿದ್ದು, ಅವುಗಳ ಚಿಕಿತ್ಸೆ ಬೇರೆ ಬೇರೆ. ಮೊದಲನೆಯದು ತಾತ್ಕಾಲಿಕವಾಗಿ ಲೆನ್ಸಿನ ಮೇಲೆ ಕೂರುವ ಹಬೆ. ತಣ್ಣನೆಯ ಕೋಣೆಯಲ್ಲಿದ್ದ ಪ್ಲೇಯರನ್ನು ಬೆಂಕಿ ಹಾಕಿ ಬೆಚ್ಚಗಾದ ಹಜಾರಕ್ಕೆ ತಂದಾಗ, ಅಥವಾ ಚಳಿಯಲ್ಲಿ ವಾಹನದಲ್ಲಿ ಸಾಗಿಸಿ ಕೂಡಲೇ ಹಚ್ಚಿದಾಗ ಇದು ಸಂಭವಿಸುತ್ತದೆ. ಆಗ ಡಿಸ್ಕ್ ಸುತ್ತುವ ಸದ್ದು ಕೇಳಿಸುತ್ತದೆ, ಆದರೆ ‘ಡಿಸ್ಕ್ ಇಲ್ಲ’ ಅಥವಾ ‘ಓದಲಾಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ಡಿಸ್ಕನ್ನು ಹೊರಗೆ ತೆಗೆದು, ಪ್ಲೇಯರನ್ನು ಆನ್ ಮಾಡಿ, ಒಂದೆರಡು ಗಂಟೆ ಹಾಗೆಯೇ ಬಿಟ್ಟರೆ ಒಳಗಿನ ಅಲ್ಪ ಬಿಸಿಗೇ ಹಬೆ ಆರುತ್ತದೆ. ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಬಳಿ ಇಡುವುದು ಬೇಡ. ಲೆನ್ಸ್ ಕೂತಿರುವ ಪ್ಲಾಸ್ಟಿಕ್ ಭಾಗಗಳು ಸೂಕ್ಷ್ಮವಾಗಿದ್ದು ಬಿಸಿಗೆ ಸೊಟ್ಟಗಾಗಬಹುದು.

ಎರಡನೆಯದು ನಿಜವಾದ ಬೂಷ್ಟು. ಇದು ಕಾಯುವುದರಿಂದ ಹೋಗುವುದಿಲ್ಲ. ತಿಂಗಳುಗಟ್ಟಲೆ ಬಳಸದೆ ಮುಚ್ಚಿದ ಷೋಕೇಸಿನಲ್ಲಿಟ್ಟ ಪ್ಲೇಯರ್‌ಗಳಲ್ಲಿ ಇದು ಹೆಚ್ಚು. ಒಣ ಬ್ರಶ್ ಇರುವ ಲೆನ್ಸ್ ಕ್ಲೀನರ್ ಡಿಸ್ಕನ್ನು, ತಯಾರಕರ ಕೈಪಿಡಿ ಅದನ್ನು ನಿಷೇಧಿಸಿಲ್ಲವೆಂದು ನೋಡಿಕೊಂಡು, ಒಮ್ಮೆ ಪ್ರಯತ್ನಿಸಬಹುದು. ಅದು ಧೂಳನ್ನು ತೆಗೆಯುತ್ತದೆಯೇ ಹೊರತು ಬೇರೂರಿದ ಬೂಷ್ಟನ್ನು ತೆಗೆಯುವುದು ಅನುಮಾನ. ಮೇಲಿನ ಮುಚ್ಚಳ ಬಿಚ್ಚಿ ಐಸೊಪ್ರೊಪಿಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯಿಂದ ಲೆನ್ಸನ್ನು ಒರೆಸುವುದು ಅನುಭವಿ ಮೆಕ್ಯಾನಿಕ್ಕನ ಕೆಲಸ. ಮನೆಯಲ್ಲಿ ಅದನ್ನು ಮಾಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಎರಡು ಕಾರಣಗಳಿವೆ: ಪ್ಲಗ್ ಕಳಚಿದ ಮೇಲೂ ಪವರ್ ಸಪ್ಲೈಯ ಕೆಪಾಸಿಟರ್‌ಗಳಲ್ಲಿ ಷಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು, ಮುಚ್ಚಳ ತೆರೆದು ಪ್ಲೇಯರ್ ಹಚ್ಚಿದರೆ ಲೇಸರ್ ಕಿರಣ ಕಣ್ಣಿಗೆ ಹಾನಿ ಮಾಡುತ್ತದೆ.

ಬೂಷ್ಟು ಬಾರದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಪ್ಲೇಯರನ್ನು ಗಂಟೆಗಟ್ಟಲೆ ಓಡಿಸುವುದು, ಹೊರಗೋಡೆಗೆ ತಾಗಿಸಿ ಇಡದಿರುವುದು, ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಅವು ತೇವ ಹೀರಿಕೊಂಡಾಗ ಬದಲಾಯಿಸುವುದು, ಇಷ್ಟು ಸಾಕು. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿ ಬಟ್ಟೆ ಕಾಪಾಡುವ ರೂಢಿಯಿರುವ ಮನೆಗಳಲ್ಲಿ ಡಿಸ್ಕ್‌ಗಳನ್ನೂ ಅದೇ ಬೀರುವಿನ ದೂರದ ಮೂಲೆಯಲ್ಲಿ ಇಡಬಹುದು. ಬೆಚ್ಚಗಿನ ಪೆಟ್ಟಿಗೆಯೆಂದು ಇರುವೆ, ಜಿರಲೆಗಳು ಗಾಳಿಕಿಂಡಿಗಳ ಮೂಲಕ ಒಳಸೇರಿ ಗೂಡುಕಟ್ಟುವುದೂ ಉಂಟು. ಹಾಗೆಂದು ಬಟ್ಟೆ ಮುಚ್ಚಿ ಓಡಿಸಬಾರದು. ಓಡಿಸದಿರುವಾಗ ಮಾತ್ರ ತೆಳು ಬಟ್ಟೆ ಹೊದಿಸಬಹುದು.

ಡಿಸ್ಕಿನ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳು ಕಂಡರೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಾಡಿ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಒರೆಸುವಾಗ ನಡುವಿನ ರಂಧ್ರದಿಂದ ಅಂಚಿನ ಕಡೆಗೆ ನೇರವಾಗಿ ಕೈಯಾಡಿಸಬೇಕು, ಸುತ್ತಲೂ ತಿರುಗಿಸಬಾರದು. ಮಾಹಿತಿಯ ಜಾಡು ಸುರುಳಿಯಾಗಿ ಸಾಗುವುದರಿಂದ ಜಾಡಿನ ಉದ್ದಕ್ಕೆ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ಅಳಿಸುತ್ತದೆ. ಅಡ್ಡಲಾಗಿ ಬಿದ್ದ ಗೀರನ್ನು ಪ್ಲೇಯರಿನ ದೋಷ ತಿದ್ದುವ ವ್ಯವಸ್ಥೆ ಬಹುಮಟ್ಟಿಗೆ ಸರಿದೂಗಿಸುತ್ತದೆ. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿ.ಮೀ. ಆಳದಲ್ಲಿದ್ದರೆ ಬ್ಲೂ-ರೇಯಲ್ಲಿ ಅದು ಮೇಲ್ಮೈಯಿಂದ ಕೇವಲ 0.1 ಮಿ.ಮೀ. ಒಳಗಿದೆ. ಆದಕಾರಣ ಡಿವಿಡಿಯ ಗೀರು ಅಳಿಸಲು ಬಳಸುವ ಪಾಲಿಶ್, ಟೂತ್‌ಪೇಸ್ಟ್ ಮುಂತಾದ ಉಪಾಯಗಳನ್ನು ಬ್ಲೂ-ರೇ ಮೇಲೆ ಎಂದಿಗೂ ಪ್ರಯೋಗಿಸಬಾರದು. ಗಟ್ಟಿ ಲೇಪನ ಒಮ್ಮೆ ಸವೆದರೆ ಡಿಸ್ಕ್ ಹೋದಂತೆಯೇ. ಥಿನ್ನರ್, ಪೆಟ್ರೋಲ್ ಕೂಡ ಹತ್ತಿರ ಸುಳಿಯಬಾರದು.

ದೋಷವಲ್ಲದ ದೋಷಗಳು

ವಿದೇಶದಲ್ಲಿರುವ ಬಂಧುಗಳು ತಂದುಕೊಟ್ಟ ಡಿಸ್ಕ್ ಓಡದಿದ್ದರೆ ಮೊದಲು ಅದರ ಕವಚದ ಹಿಂಬದಿಯ ವಲಯ ಚಿಹ್ನೆಯನ್ನು, ಅಂದರೆ ಅದು ಯಾವ ದೇಶಗಳ ಪ್ಲೇಯರ್‌ಗಳಿಗೆ ಮಾಡಿದ್ದೆಂಬ ಗುರುತನ್ನು, ನೋಡಬೇಕು. ಡಿವಿಡಿಗೆ ಭಾರತ 5ನೆಯ ವಲಯದಲ್ಲಿದೆ, ಬ್ಲೂ-ರೇಗೆ ‘ಸಿ’ ವಲಯದಲ್ಲಿದೆ. ಅಮೆರಿಕದ ಡಿವಿಡಿ 1ನೆಯ ವಲಯದ್ದು, ಅಲ್ಲಿನ ಬ್ಲೂ-ರೇ ‘ಎ’ ವಲಯದ್ದು. ವಲಯ ಹೊಂದದಿದ್ದರೆ ಪ್ಲೇಯರ್ ಹೊಸದಾಗಿದ್ದರೂ ಓದಲು ನಿರಾಕರಿಸುತ್ತದೆ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್‌ಗಳಿಗೆ ಈ ನಿರ್ಬಂಧವಿಲ್ಲ, ಆದರೆ ಅವು ಸಾಮಾನ್ಯ ಬ್ಲೂ-ರೇ ಪ್ಲೇಯರಿನಲ್ಲಿ ಓಡುವುದೇ ಇಲ್ಲ.

ಹಳೆಯ ಬ್ಲೂ-ರೇಗಳೆಲ್ಲ ಓಡಿ, ಈಚೆಗೆ ಕೊಂಡದ್ದು ಮಾತ್ರ ಓಡದಿದ್ದರೆ ಕಾರಣ ಬೇರೆ. ನಕಲು ತಡೆಯುವ ಗೂಢಲಿಪಿಯ ಕೀಲಿಗಳು ಆಗಾಗ್ಗೆ ಬದಲಾಗುತ್ತವೆ. ಹೊಸ ಕೀಲಿಗಳನ್ನು ಪ್ಲೇಯರ್ ತಿಳಿಯಬೇಕಾದರೆ ಅದರ ಒಳ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಅಪ್‌ಡೇಟ್ ಮಾಡಬೇಕು. ಅಂತರ್ಜಾಲದ ಮೂಲಕ ನೇರವಾಗಿ ಮಾಡಬಹುದು; ಲೈನ್ ನಂಬುವಂತಿಲ್ಲದಿದ್ದರೆ ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್ ಸಂಖ್ಯೆಗೆ ಸರಿಯಾಗಿ ಹೊಂದುವ ಕಡತವನ್ನೇ ಇಳಿಸಿಕೊಂಡು, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ಹಾಕಿ, ಯುಎಸ್‌ಬಿ ಮೂಲಕ ಮಾಡುವುದು ಲೇಸು. ಈ ಕೆಲಸದ ನಡುವೆ ಕರೆಂಟು ಹೋದರೆ ಪ್ಲೇಯರ್ ಮತ್ತೆ ಏಳದೇ ಹೋಗಬಹುದು, ಮತ್ತು ಅದನ್ನು ಮನೆಯಲ್ಲಿ ಸರಿಪಡಿಸುವ ದಾರಿಯಿಲ್ಲ. ಗಾಳಿ ಮಳೆಯ ಸಂಜೆ ಅಪ್‌ಡೇಟ್‌ಗೆ ಕೈಹಾಕದಿರಿ. ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಸಿಕ್ಕಿಸಿಯೇ ಮಾಡಿ. ಈ ಕೈಪಿಡಿಯಲ್ಲಿ ಒಂದೇ ಒಂದು ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕೆಂದು ನನ್ನ ಆಶಯ.

ಕರೆಂಟು ಮತ್ತು ಸಿಡಿಲು

ಪ್ಲೇಯರ್ ರಿಮೋಟಿಗೆ ಸ್ಪಂದಿಸದೆ ನಿಂತುಬಿಟ್ಟರೆ, ಪರದೆಯ ಮೇಲೆ ಒಂದೇ ಚಿತ್ರ ಸ್ತಬ್ಧವಾಗಿದ್ದರೆ, ಟ್ರೇ ಹೊರಬರದಿದ್ದರೆ, ಗೋಡೆಯ ಪ್ಲಗ್ಗಿನಿಂದಲೇ ಕಳಚಿ ಐದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಬೇಕು. ರಿಮೋಟಿನಲ್ಲಿ ಆಫ್ ಮಾಡಿದಾಗ ಯಂತ್ರ ಪೂರ್ತಿ ನಿಲ್ಲುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ ಅಷ್ಟೆ. ಹಾಗಾಗಿ ಹಳೆಯ ಗೊಂದಲ ಹಾಗೆಯೇ ಉಳಿಯುತ್ತದೆ. 230 ವೋಲ್ಟ್ ಇರಬೇಕಾದ ವಿದ್ಯುತ್ತು ಸಂಜೆ ಹೊತ್ತು ಕುಗ್ಗಿ, ಪಂಪು ನಿಂತೊಡನೆ ಜಿಗಿಯುವ ತೋಟದ ಮನೆಗಳಲ್ಲಿ ಸ್ಟೆಬಿಲೈಸರ್ ಇರುವುದು ಒಳ್ಳೆಯದು. ಕರೆಂಟು ಬಂದಾಗಲೆಲ್ಲ ಪ್ಲೇಯರ್ ತಾನಾಗಿಯೇ ಮತ್ತೆ ಮತ್ತೆ ಆರಂಭವಾಗುತ್ತಿದ್ದರೆ, ಅಥವಾ ಕೆಂಪು ದೀಪ ಉರಿದರೂ ಏಳದಿದ್ದರೆ, ಪವರ್ ಸಪ್ಲೈಯ ಕೆಪಾಸಿಟರ್‌ಗಳು ಉಬ್ಬಿರಬಹುದು. ಅವು ಅಗ್ಗದ ಭಾಗಗಳು, ಮೆಕ್ಯಾನಿಕ್ಕನಿಗೆ ಕಷ್ಟದ ಕೆಲಸವೂ ಅಲ್ಲ.

ಸಿಡಿಲಿನ ಹಾನಿ ಮುಂಗಾರಿಗಿಂತ ಮೊದಲೇ, ಕಾಫಿಗೆ ಹೂಮಳೆ ಬೀಳುವ ದಿನಗಳ ಗುಡುಗಿನಲ್ಲಿಯೇ ಆಗಿಬಿಡಬಹುದು. ಅದು ವಿದ್ಯುತ್ ತಂತಿಯಿಂದ ಮಾತ್ರವಲ್ಲ, ತಾಮ್ರದ ಟೆಲಿಫೋನ್ ತಂತಿ ಹಾಗೂ ನೆಟ್‌ವರ್ಕ್ ಕೇಬಲ್ ಮೂಲಕವೂ ಒಳಬರುತ್ತದೆ. ಕೇಬಲ್ ಸಿಕ್ಕಿಸಿದರೂ ಕಿಂಡಿಯ ಪಕ್ಕದ ಪುಟ್ಟ ದೀಪ ಉರಿಯದೆ, ವೈ-ಫೈ ಮಾತ್ರ ಕೆಲಸ ಮಾಡುತ್ತಿದ್ದರೆ ಆ ಕಿಂಡಿ ಸಿಡಿಲಿಗೆ ಬಲಿಯಾಗಿದೆಯೆಂದು ಊಹಿಸಬಹುದು. ಅಂಥ ಪ್ಲೇಯರನ್ನು ವೈ-ಫೈಯಲ್ಲೇ ಬಳಸುತ್ತಾ ಹೋಗಬಹುದು. ಫೈಬರ್ ತಂತಿ ಗಾಜಿನದಾದ್ದರಿಂದ ಅದರೊಳಗೆ ವಿದ್ಯುತ್ತು ಹರಿಯದು, ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿಯೇ ಇರುತ್ತದೆ. ಗುಡುಗು ಶುರುವಾದೊಡನೆ ಅದನ್ನೂ ಕಳಚಬೇಕು.

ಒಟಿಟಿ ಬರದಿದ್ದಾಗ

ಡಿಸ್ಕ್ ಓಡುತ್ತಿದ್ದು ಆ್ಯಪ್‌ಗಳು ಮಾತ್ರ ತೆರೆಯದಿದ್ದರೆ, ಪ್ಲೇಯರಿನ ಪಕ್ಕದಲ್ಲೇ ನಿಂತು, ಮೊಬೈಲನ್ನು ಅದೇ ವೈ-ಫೈಗೆ ಜೋಡಿಸಿ ಅದೇ ಸಿನಿಮಾ ಹಾಕಿ ನೋಡಬೇಕು. ಮೊಬೈಲಿನಲ್ಲೂ ಬಾರದಿದ್ದರೆ ಪ್ಲೇಯರನ್ನು ಮುಟ್ಟುವ ಅಗತ್ಯವೇ ಇಲ್ಲ. ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಯವರೆಗೆ ತಲುಪುತ್ತಿಲ್ಲ. ತೋಟದ ಸಿಲ್ವರ್ ಓಕ್ ಮರಗಳಿಂದ ಮರಕ್ಕೆ ಹಾಯಿಸಿದ ತಂತಿಯ ಮೇಲೆ ಎಲ್ಲೋ ಕೊಂಬೆ ಬಿದ್ದಿರುವುದೇ ಹೆಚ್ಚಾಗಿ ಕಾರಣ. ಲೈನ್‌ಮನ್ ಬರುವ ಮೊದಲು ತಂತಿಯ ಹಾದಿಯನ್ನು ಒಮ್ಮೆ ನಡೆದು ನೋಡಿಟ್ಟುಕೊಂಡರೆ ಅವರ ಅರ್ಧ ದಿನ ಉಳಿಯುತ್ತದೆ. ಕರೆಂಟಿನ ತಂತಿಯೂ ಜೊತೆಗೆ ಬಿದ್ದಿರುವ ಸಾಧ್ಯತೆಯಿದ್ದರೆ ಮಾತ್ರ ಹತ್ತಿರ ಹೋಗಬಾರದು.

ಮೊಬೈಲಿನಲ್ಲಿ ಸರಾಗವಾಗಿ ಬಂದು ಪ್ಲೇಯರಿನಲ್ಲಿ ಬಾರದಿದ್ದರೆ ಫೈಬರ್ ಪೆಟ್ಟಿಗೆ, ರೂಟರ್, ಪ್ಲೇಯರ್ ಈ ಕ್ರಮದಲ್ಲಿ ಒಂದೊಂದನ್ನೇ ಆಫ್ ಮಾಡಿ, ಅದೇ ಕ್ರಮದಲ್ಲಿ ತುಸು ಬಿಡುವು ಕೊಟ್ಟು ಹಚ್ಚಬೇಕು. ಬಳಿಕ ಪ್ಲೇಯರಿನ ನೆಟ್‌ವರ್ಕ್ ಸ್ಥಿತಿಯ ಪುಟ ತೆರೆದು ಐಪಿ ವಿಳಾಸ ನೋಡಬೇಕು. ಅದು 192.168 ಎಂದು ಆರಂಭವಾದರೆ ಸಾಮಾನ್ಯವಾಗಿ ಸರಿ, 169.254 ಎಂದಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಪ್ಲೇಯರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ.

ರೂಟರ್ ಬದಲಾಯಿಸಿದ ಮೇಲೆ ಹಳೆಯ ಪ್ಲೇಯರಿಗೆ ವೈ-ಫೈ ಸಿಗದಿರುವುದು ಈಗೀಗ ಕಾಣುವ ತೊಂದರೆ. ಅನೇಕ ಹಳೆಯ ಪ್ಲೇಯರ್‌ಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಮಾತ್ರ ಗುರುತಿಸುತ್ತವೆ, ಮತ್ತು ಅವುಗಳಿಗೆ ಡಬ್ಲ್ಯುಪಿಎ2 ಭದ್ರತೆ ಗೊತ್ತೇ ಹೊರತು ಡಬ್ಲ್ಯುಪಿಎ3 ಗೊತ್ತಿಲ್ಲ. ಹೊಸ ರೂಟರಿನ ಸೆಟ್ಟಿಂಗ್ಸಿನಲ್ಲಿ 2.4 ಗಿಗಾಹರ್ಟ್ಸ್ ಜಾಲಕ್ಕೆ ಬೇರೆ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯುಪಿಎ2ಗೆ ಇಟ್ಟರೆ ತೊಂದರೆ ಕೂಡಲೇ ಬಗೆಹರಿಯುತ್ತದೆ. ಐನ್‌ಮನೆಗಳಂಥ ದಪ್ಪ ಗೋಡೆಯ ಮನೆಗಳಲ್ಲಿ ಸಂಕೇತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕ್ಷೀಣಿಸುತ್ತದೆ; ಅಲ್ಲಿ ಬೂಸ್ಟರ್ ಕೊಳ್ಳುವುದಕ್ಕಿಂತ ಉದ್ದದ ನೆಟ್‌ವರ್ಕ್ ಕೇಬಲ್ ಎಳೆಯುವುದೇ ಶಾಶ್ವತ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ತುಂಬ ಚಿಕ್ಕದು, ಆದರೆ ಮನೆಮಂದಿಯನ್ನು ದಿನಗಟ್ಟಲೆ ಕಾಡಿಸುತ್ತದೆ. ನೆಟ್‌ವರ್ಕ್ ಪರೀಕ್ಷೆ ಸರಿಯೆಂದು ತೋರಿಸುತ್ತದೆ, ಆದರೆ ಯಾವ ಆ್ಯಪ್ ಕೂಡ ಸಂಪರ್ಕ ಸಾಧಿಸುವುದಿಲ್ಲ. ಆಗ ಪ್ಲೇಯರಿನ ದಿನಾಂಕವನ್ನು ನೋಡಬೇಕು. ದೀರ್ಘ ಕಾಲ ಕರೆಂಟಿಲ್ಲದೆ ಇದ್ದಾಗ ಒಳಗಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಒಟಿಟಿ ಸೇವೆಗಳು ತಮ್ಮ ಗುರುತನ್ನು ದೃಢಪಡಿಸುವ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ತಪ್ಪು ದಿನಾಂಕದ ಪ್ಲೇಯರ್ ಅವನ್ನು ತಿರಸ್ಕರಿಸುತ್ತದೆ. ದಿನಾಂಕ ಮತ್ತು ಸಮಯವನ್ನು ಸರಿಪಡಿಸಿದರೆ ಸಾಕು.

ಚಿತ್ರ ಬಂದು ನಡುನಡುವೆ ನಿಂತು ಚಕ್ರ ತಿರುಗುತ್ತಿದ್ದರೆ ಅದು ವೇಗದ ಪ್ರಶ್ನೆ. ನೆಟ್‌ಫ್ಲಿಕ್ಸ್‌ನ ಶಿಫಾರಸಿನಂತೆ 720ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 3 ಮೆಗಾಬಿಟ್, 1080ಪಿಗೆ 5, 4ಕೆ ಚಿತ್ರಕ್ಕೆ 15 ಮೆಗಾಬಿಟ್ ಬೇಕು. ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರದ ಹರಿವು ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಹೋಗುತ್ತದೆ. ಹೀಗಿರುವಾಗ ಒಂದೇ ಸಿನಿಮಾ ಡಿಸ್ಕಿನಲ್ಲಿ ಹೆಚ್ಚು ಸ್ಫುಟವಾಗಿ, ಒಟಿಟಿಯಲ್ಲಿ ಕತ್ತಲ ದೃಶ್ಯಗಳು ತುಸು ಕಲಕಿದಂತೆ ಕಂಡರೆ ಅದನ್ನು ರಿಪೇರಿಗೆ ಒಯ್ಯಬೇಕಾಗಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಒಂದು ಆ್ಯಪ್ ಮಾತ್ರ ತೆರೆಯದಿದ್ದರೆ, ಅದರ ಕಾಲ ಮುಗಿದಿರುವ ಸಾಧ್ಯತೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಯೂಟ್ಯೂಬ್‌ನ ಹಳೆಯ ಆ್ಯಪ್‌ಗಳು 2015ರಲ್ಲಿ ಅನೇಕ ಪ್ಲೇಯರ್ ಮತ್ತು ಟಿವಿಗಳಲ್ಲಿ ನಿಂತುಹೋದವು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಉಪಕರಣಗಳನ್ನು ಕೈಬಿಟ್ಟಿತು. 2021ರ ಸೆಪ್ಟೆಂಬರ್ 30ರಂದು ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು, ಅಪ್‌ಡೇಟ್ ಕಾಣದ ಎಷ್ಟೋ ಯಂತ್ರಗಳ ಸಂಪರ್ಕ ಕಡಿಯಿತು. ಇಂಥವನ್ನು ಯಾವ ಮೆಕ್ಯಾನಿಕ್ಕನೂ ಸರಿಪಡಿಸಲಾರ. ಆಗ ಟಿವಿಯ ಇನ್ನೊಂದು ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ, ಪ್ಲೇಯರನ್ನು ಡಿಸ್ಕಿಗಾಗಿ ಉಳಿಸಿಕೊಳ್ಳುವುದು ಜಾಣತನ. ಅಂತರ್ಜಾಲದ ಅರ್ಧಭಾಗ ಬೇಗ ಮುಪ್ಪಾಗುತ್ತದೆ, ಡಿಸ್ಕಿನ ಅರ್ಧಭಾಗ ಚೆನ್ನಾಗಿ ನೋಡಿಕೊಂಡರೆ ಬಹುಕಾಲ ಬಾಳುತ್ತದೆ. ಮಳೆಗೆ ಟವರೂ ಲೈನೂ ಒಟ್ಟಿಗೆ ಹೋಗುವ ನಮ್ಮಲ್ಲಿ ಎರಡನೆಯದನ್ನು ಕಳೆದುಕೊಳ್ಳುವುದು ನಷ್ಟವೇ ಸರಿ.

ಚಿತ್ರವಿಲ್ಲ ಅಥವಾ ಸದ್ದಿಲ್ಲ

ಮೊದಲು ಟಿವಿಯಲ್ಲಿ ಸರಿಯಾದ ಎಚ್‌ಡಿಎಂಐ ಮೂಲವನ್ನು ಆರಿಸಿದ್ದೀರೋ ನೋಡಿ, ಬಳಿಕ ಕೇಬಲ್ ಬದಲಾಯಿಸಿ ನೋಡಿ. ಮೆನು ಕಾಣಿಸಿ ಸಿನಿಮಾ ಶುರುವಾದೊಡನೆ ಪರದೆ ಕಪ್ಪಾದರೆ, ನಕಲು ತಡೆಯುವ ಎಚ್‌ಡಿಸಿಪಿ ಒಪ್ಪಂದ ಟಿವಿ ಮತ್ತು ಪ್ಲೇಯರ್ ನಡುವೆ ಆಗುತ್ತಿಲ್ಲ. ನಡುವಿನ ಆಂಪ್ಲಿಫೈಯರನ್ನು ಬಿಟ್ಟು ನೇರವಾಗಿ ಜೋಡಿಸಿ, ಮೊದಲು ಟಿವಿ, ಅನಂತರ ಪ್ಲೇಯರ್ ಹಚ್ಚಬೇಕು. 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 ಇರುವ ಕಿಂಡಿಯೇ ಬೇಕು, ಕೆಲವು ಟಿವಿಗಳಲ್ಲಿ ಎಲ್ಲ ಕಿಂಡಿಗಳಿಗೂ ಆ ಸೌಲಭ್ಯವಿಲ್ಲ. ಚಿತ್ರವಿದ್ದು ಸದ್ದಿಲ್ಲದಿದ್ದರೆ ಧ್ವನಿಯ ಸೆಟ್ಟಿಂಗನ್ನು ಬಿಟ್‌ಸ್ಟ್ರೀಮಿನಿಂದ ಪಿಸಿಎಂಗೆ ಬದಲಾಯಿಸಿ.

ಮೆಕ್ಯಾನಿಕ್ ಬಳಿಗೆ ಒಯ್ಯುವಾಗ

ಗೋಣಿಕೊಪ್ಪಲಿಗೋ ಕುಶಾಲನಗರಕ್ಕೋ, ಅಲ್ಲಿ ಆಗದಿದ್ದರೆ ಮೈಸೂರಿಗೋ ಒಯ್ಯುವ ಮೊದಲು ಟ್ರೇಯಲ್ಲಿರುವ ಡಿಸ್ಕನ್ನು ತೆಗೆಯಲೇಬೇಕು. ಘಾಟಿಯ ತಿರುವುಗಳ ಕುಲುಕಾಟಕ್ಕೆ ಅದು ಸರಿದು ಲೆನ್ಸಿಗೆ ತಾಗಬಹುದು. ಡಿಸ್ಕ್, ಪೆನ್ ಡ್ರೈವ್, ಆ್ಯಪ್ ಈ ಮೂರು ಪರೀಕ್ಷೆಗಳ ಫಲಿತಾಂಶವನ್ನೂ, ಪರದೆಯ ಮೇಲೆ ಬಂದ ಸಂದೇಶವನ್ನು ಅಕ್ಷರಶಃ ಹಾಗೆಯೇ, ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಓಡುವುದೆಂದು ಗೊತ್ತಿರುವ ಒಂದು ಡಿವಿಡಿಯನ್ನೂ ಒಂದು ಬ್ಲೂ-ರೇಯನ್ನೂ ಜೊತೆಗೆ ಒಯ್ದು, ಕೆಲಸ ಮುಗಿದ ಮೇಲೆ ಹಣ ಕೊಡುವ ಮೊದಲು ಎರಡನ್ನೂ ನಿಮ್ಮೆದುರೇ ಓಡಿಸಿ ನೋಡಬೇಕು, ಏಕೆಂದರೆ ಡಿವಿಡಿ ಓಡಿದ್ದು ಬ್ಲೂ-ರೇ ಓಡುವುದಕ್ಕೆ ಸಾಕ್ಷಿಯಲ್ಲ. ಲೇಸರ್ ಇರುವ ಓದುವ ಘಟಕವನ್ನೇ ಬದಲಾಯಿಸಬೇಕೆಂದು ಮೆಕ್ಯಾನಿಕ್ ಹೇಳಿದರೆ ಆ ಭಾಗದ ಬೆಲೆಯನ್ನು ಮೊದಲೇ ಕೇಳಿ, ಹೊಸ ಪ್ಲೇಯರಿನ ಬೆಲೆಯ ಅರ್ಧವನ್ನು ಅದು ಮೀರದಿದ್ದರೆ ಮಾತ್ರ ಒಪ್ಪಿಕೊಳ್ಳಿ.